ಅತ್ತೆ ಕಾವಲು ಕೂತ ಕಡಜದ ಗೂಡು

ನಮ್ಮತ್ತೆ ಕಸ್ತೂರಮ್ಮನವರ ಬಗ್ಗೆ ನಾನು ನಾಲ್ಕು ಒಳ್ಳೆಯ ಮಾತು ಬರೆಯುತ್ತೇನೆಂದು ಮೂರು ವರ್ಷದ ಹಿಂದೆ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ. ನಾನು ಸಿಟ್ಟಿನವಳು, ಅವರು ಹಟದವರು. ದಾವಣಗೆರೆಯ ನಿಟುವಳ್ಳಿಯಲ್ಲಿ, ಹಿತ್ತಲಿರುವ ಹಳೆಯ ಮನೆಯೊಂದರಲ್ಲಿ, ನಾವಿಬ್ಬರೂ ಹನ್ನೊಂದು ವರ್ಷದಿಂದ ಒಂದೇ ಒಲೆಯ ಮುಂದೆ ನಿಂತಿದ್ದೇವೆ. ನಡುವೆ ನನ್ನ ಗಂಡ ಕೊಟ್ಟೂರೇಶ್. ಅವರಿಗೆ ಎರಡೂ ಕಡೆಯ ಮಾತು ಸರಿ ಅನ್ನಿಸುತ್ತದೆ, ಹಾಗಾಗಿ ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾರೆ.

ಅತ್ತೆಗೆ ಈಗ ಎಪ್ಪತ್ತೆರಡು. ಹುಟ್ಟಿದ್ದು ಹರಿಹರದಲ್ಲಿ, ಹೊಳೆಗೆ ಹತ್ತಿರದ ಮನೆಯಲ್ಲಿ. ತಂದೆ ಶೇಂಗಾ ಎಣ್ಣೆಯ ವ್ಯಾಪಾರಿ. ಹದಿನೆಂಟಕ್ಕೆ ಮದುವೆಯಾಗಿ ದಾವಣಗೆರೆಗೆ ಬಂದರು. ಹದಿನಾಲ್ಕು ಕಿಲೋಮೀಟರ್ ದೂರ ಬಂದದ್ದನ್ನು ಇಂದಿಗೂ ಬೇರೆ ದೇಶಕ್ಕೆ ಬಂದವರಂತೆ ಹೇಳುತ್ತಾರೆ. ನಾನು ಹರಿಹರದ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಸಂಜೆ ಚಪ್ಪಲಿ ಬಿಡುವ ಮೊದಲೇ ಅತ್ತೆಯ ಪ್ರಶ್ನೆ ಬರುತ್ತದೆ, "ಹೊಳ್ಯಾಗ ನೀರು ಎಷ್ಟೈತೆ?" ಸೊಸೆ ಹೇಗಿದ್ದಾಳೆಂದು ಕೇಳಿದವರಲ್ಲ. ತುಂಗಭದ್ರೆ ಹೇಗಿದ್ದಾಳೆಂದು ಒಂದು ದಿನವೂ ಕೇಳದೆ ಬಿಟ್ಟವರಲ್ಲ.

ಮಾವ ಬಕ್ಕೇಶಪ್ಪನವರಿಗೆ ಎಪಿಎಂಸಿ ಹತ್ತಿರ ಬೆಳೆಗೆ ಹೊಡೆಯುವ ಔಷಧಿ ಮತ್ತು ಪಂಪುಗಳ ಅಂಗಡಿ ಇತ್ತು. ಇಪ್ಪತ್ತು ವರ್ಷದ ಹಿಂದೆ ಅವರು ತೀರಿಕೊಂಡಾಗ ಮಗ ಇನ್ನೂ ಕಾಲೇಜಿನಲ್ಲಿದ್ದ. ತಿಂಗಳು ತುಂಬುವ ಮೊದಲೇ ಅತ್ತೆ ಅಂಗಡಿಯ ಗಲ್ಲಾ ಮುಂದೆ ಕೂತರು, ಮಗ ಬಂದು ಕೂರುವವರೆಗೆ ನಾಲ್ಕು ವರ್ಷ ಏಳಲಿಲ್ಲ. ರೈತರು ತೂತು ಬಿದ್ದ ಎಲೆ ತಂದು ತೋರಿಸಿದರೆ, ಮೂಸಿ ನೋಡಿ, ತಿರುಗಿಸಿ ನೋಡಿ, ಯಾವ ಹುಳ ಎಂದು ಹೇಳುತ್ತಿದ್ದರಂತೆ. ಈಗಲೂ ಕೆಲವು ಹಳೆಯ ಗಿರಾಕಿಗಳು ಕೊಟ್ಟೂರೇಶ್ ಹೇಳಿದ್ದನ್ನು ಕೇಳಿಕೊಂಡು, "ಅಮ್ಮಾರ್ನ ಒಂದ್ಮಾತು ಕೇಳಿ ನೋಡ್ರಿ" ಎನ್ನುತ್ತಾರೆ.

ಇಂಥವರ ಬಾಯಲ್ಲಿ ಸಮಾಧಾನದ ಮಾತು ಮಾತ್ರ ಹುಟ್ಟುತ್ತಿರಲಿಲ್ಲ. ನನಗೆ ಎರಡು ಸಲ ಗರ್ಭ ನಿಲ್ಲಲಿಲ್ಲ. ಮೊದಲ ಸಲ ಆರೇ ವಾರಕ್ಕೆ ಹೋಯಿತು. ಎರಡನೆಯ ಸಲ ಮೂರು ತಿಂಗಳಿಗೆ, 2023ರ ಯುಗಾದಿಯ ಮಾರನೆಯ ದಿನ. ಮೊದಲ ಸಲ "ಆಗ್ಲಿ, ಮಲ್ಕ" ಎಂದಷ್ಟಾದರೂ ಹೇಳಿದ್ದರು. ಎರಡನೆಯ ಸಲ ಅದೂ ಇಲ್ಲ. ಅಲ್ಲಿಂದ ಮುಂದೆ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟರು. ತಟ್ಟೆ ಇಡುವಾಗಲೂ ಕಣ್ಣು ನೆಲಕ್ಕೆ. ಮೊಮ್ಮಗು ಕೊಡದ ಸೊಸೆಯ ಮೇಲೆ ಸಿಟ್ಟು ಅಂದುಕೊಂಡೆ. ನಾನೂ ಮುಖ ತಿರುಗಿಸಿಕೊಂಡೆ.

ಹಾಗಾಗಿ ಕಳೆದ ವರ್ಷ ಮೂರನೆಯ ಸಲ ಬಸುರಿಯಾದಾಗ ನನಗೆ ಖುಷಿಗಿಂತ ಹೆದರಿಕೆಯೇ ಹೆಚ್ಚಿತ್ತು. ವಯಸ್ಸು ಮೂವತ್ತಾರು. ಇದೂ ನಿಲ್ಲದಿದ್ದರೆ ಇನ್ನೊಮ್ಮೆ ಪ್ರಯತ್ನಿಸುವ ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ. ಅದನ್ನು ಕೊಟ್ಟೂರೇಶ್‌ಗೂ ಹೇಳಿಬಿಟ್ಟಿದ್ದೆ.

ನಾಲ್ಕನೆಯ ತಿಂಗಳಲ್ಲಿ, ಮೇ ಕೊನೆಗೆ, ದೇವರ ಕೋಣೆಯ ಕಿಟಕಿಯ ಚೌಕಟ್ಟಿನಲ್ಲಿ ಕುಂಬಾರ ಹುಳ ಗೂಡು ಕಟ್ಟಲು ಶುರುಮಾಡಿತು. ಬಾಯಲ್ಲಿ ಹಸಿಮಣ್ಣಿನ ಉಂಡೆ ಹಿಡಿದು ಬಂದು, ಗುಂಯ್ ಎಂದು ಹಾಡುತ್ತ ಮೆತ್ತುವ ಆ ತೆಳು ಸೊಂಟದ ಹುಳವನ್ನು ಎಲ್ಲರೂ ನೋಡಿರುತ್ತಾರೆ. ಬಸುರಿ ಇರುವ ಮನೆಯಲ್ಲಿ ಅದು ಗೂಡು ಕಟ್ಟಿದರೆ ಒಳ್ಳೆಯ ಶಕುನ, ಹೆರಿಗೆಯಾಗುವವರೆಗೆ ಆ ಗೂಡನ್ನು ಕೆಡವಬಾರದು ಎನ್ನುವುದು ನಮ್ಮ ಕಡೆ ಹೆಂಗಸರೆಲ್ಲ ನಂಬುವ ಮಾತು. ನಾನು ನಂಬುವುದಿಲ್ಲ. ಆದರೆ ಆ ದಿನ ಅತ್ತೆ ಪೂಜೆ ಮುಗಿಸಿ ಗೂಡಿನ ಪಕ್ಕ ಚೌಕಟ್ಟಿನ ಮರಕ್ಕೆ ಮೂರು ಬೆರಳು ವಿಭೂತಿ ಹಚ್ಚಿದ್ದನ್ನು ನೋಡಿ ನನಗೂ ಒಳಗೊಳಗೇ ಹಿತವಾಯಿತು. ಸುಳ್ಳು ಯಾಕೆ ಹೇಳಲಿ.

ತೊಂದರೆ ಶುರುವಾದದ್ದು ಎರಡನೆಯ ಗೂಡಿನಿಂದ. ಜೂನ್‌ನಲ್ಲಿ ಹಿತ್ತಲಿನ ಬಚ್ಚಲ ಮನೆಯ ತಗಡಿನ ಕೆಳಗೆ ನಿಂಬೆಹಣ್ಣಿನಷ್ಟು ದೊಡ್ಡದೊಂದು ಗೂಡು ಕಾಣಿಸಿತು. ಇದು ಮಣ್ಣಿನದಲ್ಲ, ಕಾಗದವನ್ನು ಜಗಿದು ಮೆತ್ತಿದಂತಿತ್ತು. ಹುಳವೂ ಬೇರೆ. ಹೆಬ್ಬೆರಳಿನ ಗೆಣ್ಣಿನಷ್ಟು ದಪ್ಪ, ಕಪ್ಪು ಮೈ, ಹೊಟ್ಟೆಗೆ ಹಳದಿ ಪಟ್ಟಿ. ನಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಅಂಜಿನವ್ವ ಆನಗೋಡಿನವಳು. ನೋಡಿದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದಳು.

"ಅಮ್ಮಾರೆ, ಇದು ಕುಂಬಾರ ಹುಳ ಅಲ್ರಿ. ಕಡಜ. ನಮ್ಮೂರಾಗ ಒಂದ್ ಎತ್ತಿಗೆ ಮುತ್ತಿ ಮಲಗಿಸಿಬಿಟ್ಟಿದ್ವು. ಸಣ್ಣದಿದ್ದಾಗ್ಲೇ ತೆಗೆಸಿಬಿಡ್ರಿ."

"ಬಸುರಿ ಇರೋ ಮನ್ಯಾಗ ಕಟ್ಟಿದ ಗೂಡು ಕೆಡವಂಗಿಲ್ಲ," ಎಂದರು ಅತ್ತೆ. "ಹುಳದಾಗ ಜಾತಿ ಹುಡುಕಬ್ಯಾಡ. ಸ್ನೇಹಾಂದು ಹೆರಿಗಿ ಆಗೋತನಕ ಯಾರೂ ಮುಟ್ಟಬಾರ್ದು."

ಎಲೆ ಮೂಸಿ ಹುಳದ ಹೆಸರು ಹೇಳುತ್ತಿದ್ದವರಿಗೆ ಕಡಜಕ್ಕೂ ಕುಂಬಾರ ಹುಳಕ್ಕೂ ವ್ಯತ್ಯಾಸ ಗೊತ್ತಾಗಲಿಲ್ಲ ಎಂದರೆ ಕಣ್ಣಿನ ಪೊರೆಯೇ ಕಾರಣ ಅಂದುಕೊಂಡೆ. ಒಂದು ಕಣ್ಣಿಗೆ ಆಪರೇಷನ್ ಆಗಿತ್ತು, ಇನ್ನೊಂದಕ್ಕೆ ಬಾಕಿ ಇತ್ತು. ಕೊಟ್ಟೂರೇಶ್ ಹತ್ತಿರ ಹೋದೆ. ತಾಲ್ಲೂಕಿನ ಹುಳಕ್ಕೆಲ್ಲ ಔಷಧಿ ಮಾರುವ ಮನುಷ್ಯ ತನ್ನ ಹಿತ್ತಲಿನ ಹುಳದ ಮುಂದೆ ಕೈಕಟ್ಟಿ ನಿಂತಿದ್ದರು. "ನೀನು ಹೇಳೋದೂ ಖರೆ. ಆದ್ರೆ ಅವ್ವ ಹೇಳಿದ ಮ್ಯಾಲೆ ಹೆಂಗೆ," ಎಂದರು. ಆ ರಾತ್ರಿ ಅವರಿಗೆ ತಂಗಳನ್ನ ಬಡಿಸಿದೆ.

ಗೂಡು ಬೆಳೆಯುತ್ತ ಹೋಯಿತು. ಜುಲೈಗೆ ತೆಂಗಿನಕಾಯಿ, ಆಗಸ್ಟ್‌ಗೆ ಕುಂಬಳಕಾಯಿ. ಮನೆಯೇ ಅದಕ್ಕೆ ಹೊಂದಿಕೊಂಡಿತು. ಅತ್ತೆ ಬಟ್ಟೆ ಒಣಹಾಕುವ ತಂತಿಯನ್ನು ಹಿತ್ತಲಿನ ಇನ್ನೊಂದು ಮೂಲೆಗೆ ಕಟ್ಟಿಸಿದರು. ಬಚ್ಚಲ ಮನೆಯ ಬಾಗಿಲು ಬಡಿಯದಂತೆ ಹಗ್ಗ ಬಿಗಿದರು. ಎಲ್ಲಕ್ಕಿಂತ ದೊಡ್ಡ ಆಶ್ಚರ್ಯ ಬಚ್ಚಲಿನ ಹಂಡೆ ಒಲೆಯದು. ಕಾಳು ಬಿಡಿಸಿದ ಮೆಕ್ಕೆಜೋಳದ ಬೆಂಡು ಉರಿಸಿ ಕಾಯಿಸಿದ ನೀರಲ್ಲದೆ ಬೇರೆ ನೀರಿನಲ್ಲಿ ಸ್ನಾನ ಮಾಡಿದವರಲ್ಲ ಅವರು. ಗೀಸರ್ ನೀರು ಮೈಗೆ ಹತ್ತುವುದಿಲ್ಲ ಎಂದು ಹನ್ನೊಂದು ವರ್ಷ ನನ್ನ ತಲೆ ತಿಂದಿದ್ದಾರೆ. ಈಗ ಹೊಗೆಯಿಂದ ಹುಳಗಳು ಗೂಡು ಬಿಟ್ಟು ಹೋದಾವೆಂದು ಒಲೆ ಹಚ್ಚುವುದನ್ನೇ ನಿಲ್ಲಿಸಿ, ಬಕೆಟ್ ಹಿಡಿದು ನಮ್ಮ ಕೋಣೆಯ ಗೀಸರ್ ಮುಂದೆ ನಿಂತರು. ಅಷ್ಟು ಹೊತ್ತಿಗಾದರೂ ಇದು ಬರೀ ಹಟವಲ್ಲ ಎಂದು ನನಗೆ ತಿಳಿಯಬೇಕಿತ್ತು. ನಾನು ಅವರನ್ನು ಆಡಿಕೊಂಡು ನಕ್ಕೆ.

ಗಣೇಶನ ಹಬ್ಬ ಮುಗಿದ ಮರುವಾರ, ಏಳು ತಿಂಗಳು ತುಂಬುತ್ತಿದ್ದಾಗ, ಅದು ಆಗಿಯೇಹೋಯಿತು. ಮಧ್ಯಾಹ್ನ ಮೂರು ಗಂಟೆ. ಗಾಳಿ ಎದ್ದು ಮಳೆ ಬರುವ ಹಾಗಾಯಿತು. ಒಣಗಿದ ಸೀರೆ ಎತ್ತಿಕೊಳ್ಳಲು ನಾನು ಹಿತ್ತಲಿಗೆ ಇಳಿದೆ. ಹಗ್ಗ ಕಳಚಿ ಬಚ್ಚಲ ಬಾಗಿಲು ಧಡ್ ಎಂದು ಬಡಿಯಿತು. ಮರುಗಳಿಗೆ ಕುತ್ತಿಗೆಗೆ ಕೆಂಡ ಇಟ್ಟಂತಾಯಿತು. ಆಮೇಲೆ ತೋಳಿಗೆ, ಕಿವಿಯ ಹಿಂದೆ. ಹೊಟ್ಟೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು ನಿಂತಲ್ಲೇ ಕುಸಿದೆ. ಪಾತ್ರೆ ತೊಳೆಯುತ್ತಿದ್ದ ಅಂಜಿನವ್ವ ನೆನೆಹಾಕಿದ್ದ ಜಮಖಾನವನ್ನು ಹಾಗೇ ಎತ್ತಿ ನನ್ನ ಮೇಲೆ ಹೊದಿಸಿ ಒಳಗೆ ಎಳೆದುಕೊಂಡಳು. ಅವಳಿಗೂ ಎರಡು ಕಡೆ ಕಚ್ಚಿತ್ತು. ಆಮೇಲೆ ಕೇಳಿದರೆ "ನಂದೇನ್ ಬಿಡ್ರಿ" ಎಂದಳು. ಆ ಋಣ ತೀರಿಸುವ ದಾರಿ ನನಗೆ ಇನ್ನೂ ಗೊತ್ತಿಲ್ಲ.

ಮುಖ ಊದಿತು, ತುಟಿ ದಪ್ಪವಾಯಿತು, ಉಸಿರು ಎಳೆಯುವುದು ಕಷ್ಟವಾಯಿತು. ಅತ್ತೆ ಬರಿಗಾಲಲ್ಲಿ ರಸ್ತೆಗೆ ಓಡಿ, ಬರುತ್ತಿದ್ದ ಆಟೋದ ಮುಂದೆ ಕೈ ಅಡ್ಡ ಹಿಡಿದು ನಿಂತು, ಅದರಲ್ಲಿದ್ದವರನ್ನು ಇಳಿಸಿ ನನ್ನನ್ನು ಹತ್ತಿಸಿದರು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಆಕ್ಸಿಜನ್ ಹಾಕಿದರು. ಆಮೇಲೆ ಹೊಟ್ಟೆಯ ಮೇಲೆ ಯಂತ್ರ ಇಟ್ಟರು. ಮಗುವಿನ ಎದೆಬಡಿತ ಕೇಳಿಸಿತು. ಅದನ್ನು ಕೇಳಿ ಅತ್ತೆ ಗೋಡೆಗೆ ತಲೆಯಾನಿಸಿ ನಿಂತದ್ದು ಕಣ್ಣ ಸಂದಿಯಿಂದ ಕಂಡಿತು. ಡಾಕ್ಟರು ಮಾತ್ರ ಸ್ಪಷ್ಟವಾಗಿ ಹೇಳಿದರು, ಇವರ ಮೈಗೆ ಈ ವಿಷ ಆಗಿಬರುವುದಿಲ್ಲ, ಇನ್ನೊಂದು ಸಲ ಕಚ್ಚಿದರೆ ತಾಯಿಗೂ ಮಗುವಿಗೂ ಅಪಾಯ.

ಎರಡು ದಿನದ ನಂತರ ಮನೆಗೆ ಬಂದಾಗ ಕೊಟ್ಟೂರೇಶ್ ಮೊದಲ ಬಾರಿಗೆ ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದ್ದರು. ಅಂಗಡಿಯ ಗಿರಾಕಿ, ಹದಡಿಯ ಹಾಲಸ್ವಾಮಿಯನ್ನು ಕರೆಸಿದ್ದರು. ಆತ ರೈತ. ಸುತ್ತಲಿನ ಊರುಗಳಲ್ಲಿ ಜೇನು, ಕಡಜ ಕಟ್ಟಿದರೆ ಆತನಿಗೇ ಫೋನು. ಸಂಜೆ ಹುಳಗಳೆಲ್ಲ ಗೂಡಿಗೆ ಮರಳಿದ ಮೇಲೆ ಕೆಲಸ, ಅಲ್ಲಿಯವರೆಗೆ ಟೀ ಕುಡಿಯುತ್ತೇನೆ ಎಂದು ಕಟ್ಟೆಯ ಮೇಲೆ ಕೂತಿದ್ದ. ಆದರೆ ಹಿತ್ತಲಿನ ಬಾಗಿಲಿಗೆ ಅಡ್ಡಲಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನಮ್ಮತ್ತೆ ಕೂತಿದ್ದರು. ಮಗ ಕೈಮುಗಿದು ಕೇಳಿದ್ದಾಗಿತ್ತು, ಅಂಜಿನವ್ವ ಬೈದದ್ದೂ ಆಗಿತ್ತು. ಏಳುತ್ತಿರಲಿಲ್ಲ.

ನನ್ನನ್ನು ಕಂಡು ಹೇಳಿದರು, "ನೀನು ತೌರಿಗೆ ಹೋಗಿ ಇರು, ಹೆರಿಗಿ ತನಕ. ನಾನೇ ಬಿಟ್ಟು ಬರ್ತೀನಿ. ಗೂಡು ಇರ್ಲಿ."

ನನಗೆ ಮೈ ಉರಿದುಹೋಯಿತು. "ಹುಳ ಮನ್ಯಾಗಿರಬೇಕು, ನಾನು ಮನೆ ಬಿಡಬೇಕು. ಭಾಳ ಚಲೋ ಐತೆ ನಿಮ್ಮ ನ್ಯಾಯ. ನಿಮಗೆ ನಾನೂ ಬ್ಯಾಡ, ಈ ಕೂಸೂ ಬ್ಯಾಡ. ಬಾಯಿಬಿಟ್ಟು ಹೇಳಿಬಿಡ್ರಿ," ಎಂದೆ.

ಅತ್ತೆ ತಿರುಗಿ ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ಆಮೇಲೆ ನೆಲ ನೋಡುತ್ತ ಹೇಳಿದರು.

"ಆ ವರ್ಷ ಯುಗಾದಿ ಅಮಾಸಿ ದಿನ ನಾನೇ ಕೆಡವಿದ್ದೆ."

"ಏನನ್ನ?"

"ಕುಂಬಾರ ಹುಳದ ಗೂಡು. ಪಡಸಾಲಿ ಬಾಗಿಲ ಹಿಂದ ಕಟ್ಟಿತ್ತು. ಹಬ್ಬಕ್ಕ ಮನಿ ತೊಳ್ಯೋ ಗಡಿಬಿಡಿ. ನೀನು ಬಸುರಿ ಅನ್ನೋದೂ ತಲ್ಯಾಗ ಬರಲಿಲ್ಲ, ಸೌಟಿನ ಹಿಡಿಲಿಂದ ಕೆರದುಬಿಟ್ಟೆ. ಒಳಗ ಮರಿ ಇದ್ವು. ಕೆಳಗ ಬಿದ್ದು ಒದ್ದಾಡಿದ್ವು. ಮೂರನೇ ದಿನಕ್ಕ ನಿಂಗೆ ಹಂಗಾತು."

ಅತ್ತೆ ನಿಲ್ಲಿಸಲಿಲ್ಲ.

"ಇದು ಆ ಹುಳ ಅಲ್ಲ ಅಂತ ನಂಗೂ ಗೊತ್ತೈತೆ. ನಾಲ್ಕು ವರ್ಷ ಹುಳದ ಔಷಧಿ ಮಾರೀನಿ, ಅಷ್ಟೂ ತಿಳಿಯಲ್ಲೇನು? ಆದ್ರ ಇನ್ನೊಂದು ಸಲ ಈ ಮನ್ಯಾಗ ಗೂಡು ಬಿದ್ದು, ನಿಂಗೆ ಏನರ ಆದ್ರ, ನಾನು ಹೆಂಗೆ ಬದುಕಲಿ?"

ಎರಡು ವರ್ಷ ನನ್ನ ಮುಖ ನೋಡದೆ ಇವರು ಏನು ಹೊತ್ತುಕೊಂಡಿದ್ದರು ಎಂದು ಆಗ ಗೊತ್ತಾಯಿತು. ಅವರು ಅದನ್ನು ಹೊರುವಂತೆ ಮಾಡಿದವಳು ನಾನೇ ಎಂಬುದೂ ಅದೇ ಗಳಿಗೆಯಲ್ಲಿ ಗೊತ್ತಾಯಿತು.

ಯಾಕೆಂದರೆ ನಾನು ಮನೆಯಲ್ಲಿ ಹೇಳಿದ್ದು, ಇಲ್ಲಿ ಮೊದಲು ಬರೆದದ್ದು ನಿಜವಲ್ಲ; ಗರ್ಭ ಹೋದದ್ದು ಹಬ್ಬದ ಮಾರನೆಯ ದಿನವಲ್ಲ. ಅಮಾವಾಸ್ಯೆ ಮಂಗಳವಾರ. ಅದರ ಹಿಂದಿನ ದಿನ, ಸೋಮವಾರ ಸಂಜೆ, ನಾನು ಮತ್ತು ಕೊಟ್ಟೂರೇಶ್ ಸ್ಕ್ಯಾನ್ ಮಾಡಿಸಲು ಹೋಗಿದ್ದೆವು. ಆಗಲೇ ಎದೆಬಡಿತ ನಿಂತಿತ್ತು. ಅವಸರವಿಲ್ಲ, ಗುರುವಾರ ಬನ್ನಿ, ತೆಗೆಯೋಣ ಎಂದಿದ್ದರು ಡಾಕ್ಟರು. ಬುಧವಾರ ಹಬ್ಬ. ಹರಿಹರದಿಂದ ಅತ್ತೆಯ ತಮ್ಮ ನಾಗರಾಜಪ್ಪನವರ ಸಂಸಾರವೆಲ್ಲ ಊಟಕ್ಕೆ ಬರುವುದಿತ್ತು. ಅಷ್ಟು ಜನರ ಮುಂದೆ ಅಳಲು ನನಗೆ ಇಷ್ಟವಿರಲಿಲ್ಲ. ಯಾರ ಅಯ್ಯೋ ಪಾಪವೂ ಬೇಡವಾಗಿತ್ತು. ಗುರುವಾರದವರೆಗೆ ಯಾರಿಗೂ ಹೇಳಬೇಡಿ ಎಂದು ಗಂಡನಿಂದ ಆಣೆ ಮಾಡಿಸಿಕೊಂಡೆ. ಗುರುವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು ಎಂದು ಹೇಳಿ ಆಸ್ಪತ್ರೆಗೆ ಹೋದೆವು. ಆಮೇಲೆ ನಿಜ ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಆಗಿದ್ದು ಆಗಿಹೋಗಿತ್ತಲ್ಲ, ದಿನ ಯಾವುದಾದರೇನು ಅನ್ನಿಸಿತ್ತು.

ಅವರ ಕುರ್ಚಿಯ ಮುಂದೆ ಕಷ್ಟಪಟ್ಟು ನೆಲಕ್ಕೆ ಕೂತು ಇದಷ್ಟನ್ನೂ ಹೇಳಿದೆ. "ನೀವು ಆ ಗೂಡು ಕೆರೆಯೋದಕ್ಕಿಂತ ಹಿಂದಿನ ದಿನಾನೇ ಎಲ್ಲ ಮುಗಿದಿತ್ತು ಅತ್ತೆ. ನಿಮ್ಮಿಂದ ಏನೂ ಆಗಿಲ್ಲ. ನಾನು ಹೇಳಬೇಕಿತ್ತು."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವರು ತಲೆಯೆತ್ತಿ ನನ್ನ ಮುಖ ನೋಡಿದರು. ಊತ ಇನ್ನೂ ಇಳಿಯದ ಆ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಎದ್ದು, ಕುರ್ಚಿಯನ್ನು ತಾವೇ ಎತ್ತಿ ಪಕ್ಕಕ್ಕಿಟ್ಟು, ಕಟ್ಟೆಗೆ ಹೋಗಿ ಹಾಲಸ್ವಾಮಿಗೆ ಹೇಳಿದರು, "ಏಳ್ರಿ. ತೆಗೀರಿ ಅದನ್ನ."

"ಸಾಯ್ಸಲ್ರೀ ಅಮ್ಮಾ," ಎಂದ ಆತ. "ಬಸುರಿ ಇರೋ ಮನ್ಯಾಗ ನಾನೂ ಸಾಯ್ಸಂಗಿಲ್ಲ. ಚೀಲದಾಗ ಕಟ್ಕೊಂಡು ಹೋಗಿ ನಮ್ಮ ಹೊಲದಾಚೆ, ಮಂದಿ ಓಡಾಡದ ಕಡೆ ಮರಕ್ಕ ಕಟ್ತೀನಿ. ನಮ್ಮ ಮನ್ಯಾಗೂ ಎರಡು ಕೂಸು ಹುಟ್ಟ್ಯಾವ್ರಿ."

ಹೊತ್ತು ಮುಳುಗಿತು. ಆತ ದಪ್ಪ ಕೋಟು ತೊಟ್ಟು, ತಲೆಗೆ ಜಾಲರಿ ಕಟ್ಟಿಕೊಂಡು ಏಣಿ ಹತ್ತಿದ. ಗೂಡಿನ ಕೆಳಗಿನಿಂದ ಗೋಣಿಚೀಲ ಏರಿಸಿ, ಬಾಯಿ ಬಿಗಿದು, ತಗಡಿಗೂ ಗೂಡಿಗೂ ನಡುವೆ ಚಾಕು ಆಡಿಸಿದ. ಎಣ್ಣೆಯಿಲ್ಲ, ಬೆಂಕಿಯಿಲ್ಲ. ಚೀಲ ಒಳಗಿನಿಂದ ಗುಡುಗುತ್ತಿತ್ತು. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಬೈಕಿನ ಹಿಂದೆ ಚೀಲವನ್ನು ಕೂಸಿನ ತೊಟ್ಟಿಲಂತೆ ಜೋಪಾನವಾಗಿ ಕಟ್ಟಿಕೊಂಡು ಹದಡಿಗೆ ಹೋದ. ಎಷ್ಟು ಒತ್ತಾಯಿಸಿದರೂ ಏನೂ ತೆಗೆದುಕೊಳ್ಳಲಿಲ್ಲ, ಅಮ್ಮಾರು ಹಿಂದೆ ತನ್ನ ಹತ್ತಿ ಬೆಳೆ ಉಳಿಸಿದ್ದಾರೆ ಎಂದ. ಅತ್ತೆಗೆ ಅದು ನೆನಪೇ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಯುಗಾದಿಯ ಮಾತು ಬರಲಿಲ್ಲ. ಅತ್ತೆ ಮತ್ತೆ ಹಂಡೆ ಒಲೆ ಹಚ್ಚಿದರು, ಗೀಸರ್ ನೀರಿಗೆ ಮತ್ತೆ ಹೆಸರಿಟ್ಟರು. ನನ್ನ ಕಣ್ಣು ನೋಡಿ ಮಾತಾಡತೊಡಗಿದರು. ಅಷ್ಟೇ ನನಗೆ ದೊಡ್ಡದಾಗಿತ್ತು. ಆದರೆ ಏನೋ ಕೇಳಲು ಬಂದು, ಕೇಳದೆ ತಿರುಗಿ ಹೋಗುವುದನ್ನು ಎಷ್ಟೋ ಸಲ ಗಮನಿಸಿದೆ. ಕೊನೆಗೂ ನನ್ನನ್ನು ಬೈಯಲು ಮಾತು ಹುಡುಕುತ್ತಿದ್ದಾರೆ ಅಂದುಕೊಂಡೆ. ಬೈದರೆ ಸುಮ್ಮನೆ ಕೇಳಿಸಿಕೊಳ್ಳಬೇಕೆಂದು ನಿರ್ಧರಿಸಿದ್ದೆ. ನನ್ನಂಥವಳಿಗೆ ಅದು ಸಣ್ಣ ನಿರ್ಧಾರವೇನಲ್ಲ.

ಕಾರ್ತಿಕದಲ್ಲಿ ಮಗಳು ಹುಟ್ಟಿದಳು. ಎರಡು ಕಿಲೋ ಒಂಬೈನೂರು ಗ್ರಾಂ, ಹುಟ್ಟಿದ ಕೂಡಲೇ ವಾರ್ಡಿಗೆಲ್ಲ ಕೇಳುವಂತೆ ಅತ್ತಳು. ಸಿಟ್ಟು ನನ್ನದೇ. ಮರುದಿನ ಮಧ್ಯಾಹ್ನ ಅತ್ತೆ ಮೂರು ಡಬ್ಬಿಯ ಬುತ್ತಿ ತಂದರು. ಬಿಸಿ ಅನ್ನ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ತುಪ್ಪ. ಮಗು ಪಕ್ಕದಲ್ಲಿ ಮಲಗಿತ್ತು. ನಾನು ಎರಡು ತುತ್ತು ತಿಂದಿದ್ದೆ. ಅತ್ತೆ ಸ್ಟೂಲಿನ ಮೇಲೆ ಕೂತು ನಾನು ಉಣ್ಣುವುದನ್ನೇ ನೋಡುತ್ತಿದ್ದರು.

"ಆ ಯುಗಾದಿ ದಿನ," ಎಂದರು. "ಹನ್ನೆರಡು ಮಂದಿಗೆ ನೀನೇ ಹೋಳಿಗಿ ಬಡಿಸಿದ್ದೆ."

"ಹೂಂ."

"ಹೊಟ್ಟ್ಯಾಗ ಅದನ್ನ ಹಂಗೇ ಇಟ್ಕೊಂಡು."

ತುತ್ತು ಎತ್ತಿದ ಕೈಯನ್ನು ತಟ್ಟೆಗೆ ಇಳಿಸಿದೆ.

"ಅವತ್ತು ನೀನು ಉಂಡ್ಯಾ?"

ನೆನಪು ಮಾಡಿಕೊಂಡೆ. ಎಲ್ಲರ ಎಲೆ ತೆಗೆದದ್ದು, ನೆಲ ಒರೆಸಿದ್ದು, ನಾಗರಾಜಪ್ಪ ಮಾವ ಇನ್ನೊಂದು ಹೋಳಿಗೆ ಬೇಡವೆಂದು ಕೈ ಅಡ್ಡ ಹಿಡಿದದ್ದು ನೆನಪಿತ್ತು. ಉಂಡದ್ದು ಇರಲಿಲ್ಲ. ಇಲ್ಲವೆಂದು ತಲೆಯಾಡಿಸಿದೆ.

"ಎರಡು ತಿಂಗಳಿಂದ ನಂಗೆ ಅದೊಂದೇ ತಲ್ಯಾಗ," ಎಂದರು ಅತ್ತೆ. "ನಾನು ಎಲ್ಲಿ ಕೂತು ಉಂಡೆ, ಎಷ್ಟು ಹೋಳಿಗಿ ತಿಂದೆ, ಎಲ್ಲ ನೆನಪೈತೆ. ನೀನು ಉಂಡಿದ್ದು ಎಷ್ಟು ನೆನಸಿದ್ರೂ ಬರಲಿಲ್ಲ."

ಬೈಯಲು ಮಾತು ಹುಡುಕುತ್ತಿದ್ದಾರೆ ಅಂದುಕೊಂಡಿದ್ದೆ ನಾನು. ಎರಡು ವರ್ಷ ಸುಳ್ಳೇ ಹೊತ್ತ ತಪ್ಪಿಗೆ ಅವರು ನನ್ನನ್ನು ಏನೂ ಕೇಳಲಿಲ್ಲ, ಇವತ್ತಿಗೂ ಕೇಳಿಲ್ಲ. ಅಷ್ಟು ದಿನವೂ ಅವರು ಹುಡುಕುತ್ತಿದ್ದದ್ದು ನನ್ನ ಒಂದು ಹೊತ್ತಿನ ಊಟವನ್ನು. ಆ ದಿನದ ಬಗ್ಗೆ ನನ್ನನ್ನು ಹಾಗೆ ಕೇಳಿದವರು ಬೇರೆ ಯಾರೂ ಇಲ್ಲ, ಎಲ್ಲ ಗೊತ್ತಿದ್ದ ಕೊಟ್ಟೂರೇಶ್ ಕೂಡ ಕೇಳಿರಲಿಲ್ಲ. ಇಂಥವರ ಮನೆಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ. ಇದನ್ನು ಎದುರಿಗೆ ಹೇಳಿದರೆ "ಸಾಕು, ಉಣ್ಣು" ಎನ್ನುತ್ತಾರೆಂದೇ ಇಲ್ಲಿ ಬರೆಯುತ್ತಿದ್ದೇನೆ.

ಅತ್ತೆ ತಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಅನ್ನಕ್ಕೆ ಇನ್ನಷ್ಟು ತುಪ್ಪ ಸುರಿದು, ಸಾರು ಕಲಸಿ, ಉಂಡೆ ಮಾಡಿ ನನ್ನ ಬಾಯಿಯ ಹತ್ತಿರ ಹಿಡಿದರು. ನಾನು ಬಾಯಿ ತೆರೆದೆ.